ಒಣಗಿದ ಮೇಲೆ ತೆಗೆದ ಅಂಕಿ

ನಾಲೆ ಸೇತುವೆಯ ಏರಿ ಕುಸಿದ ಸುದ್ದಿ ನೇತ್ರಾವತಿಗೆ ಗೊತ್ತಾದದ್ದು ಜುಲೈ ತಿಂಗಳ ಒಂದು ಬುಧವಾರ, ಬೆಳಗಿನ ತಿಂಡಿಯ ಹೊತ್ತಿನಲ್ಲಿ. ಗಂಡ ಮಂಜೇಶ್ ಮೊಬೈಲನ್ನು ಅವಳ ಮುಂದೆ ಹಿಡಿದು, "ನೋಡೇ ಇಲ್ಲಿ, ಬ್ಯಾಸ್ಗೇಲಿ ನೀನು ಮಿಷನ್ ತಗೊಂಡು ಓಗಿದ್ದ ಜಾಗ ಅಲ್ವಾ ಇದು?" ಎಂದ.

ಅದೇ ಜಾಗ. ಹಳ್ಳಿಮೈಸೂರಿನಿಂದ ಅರಕಲಗೂಡಿನ ಕಡೆಗೆ ಹೋಗುವ ರಸ್ತೆ ನಾಲೆ ದಾಟುವಲ್ಲಿ ಹೊಸದಾಗಿ ಕಟ್ಟಿದ ಸೇತುವೆ, ಅದಕ್ಕೆ ಹತ್ತಲು ಮಣ್ಣು ತುಂಬಿ ಎಬ್ಬಿಸಿದ ಏರಿ. ಎರಡು ದಿನ ಬಿಡದೆ ಹುಯ್ದ ಮಳೆಗೆ ಏರಿಯ ಎಡಭಾಗ ಅರ್ಧಕ್ಕರ್ಧ ಜಾರಿಹೋಗಿತ್ತು. ಡಾಂಬರಿನ ಅಂಚು ಕೆಳಗೆ ಆಸರೆಯಿಲ್ಲದೆ ಚಾಚಿಕೊಂಡಿತ್ತು. ಹಾಲಿನ ಕ್ಯಾನು ತುಂಬಿಕೊಂಡು ಡೈರಿಗೆ ಹೊರಟಿದ್ದ ಗೂಡ್ಸ್ ಆಟೋ ಇಳಿಜಾರಿನಲ್ಲಿ ಬುಡಮೇಲಾಗಿ ಬಿದ್ದಿತ್ತು. ಕ್ಯಾನುಗಳು ನಾಲೆಯವರೆಗೂ ಉರುಳಿದ್ದವು. ಡ್ರೈವರ್ ಚನ್ನಪ್ಪ ಎಂಬಾತನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆಂದೂ ಬಲಗಾಲು ಉಳಿಯುವುದು ಅನುಮಾನವೆಂದೂ ಕೆಳಗೆ ಬರೆದಿತ್ತು.

ನೇತ್ರಾವತಿಗೆ ಮೊದಲು ಗಾಬರಿಯಾಯಿತು. ಅದರ ಹಿಂದೆಯೇ, ತಾನು ಅಂದದ್ದೇ ಆಯಿತಲ್ಲ ಎಂಬ ಸಣ್ಣದೊಂದು ಹೆಮ್ಮೆಯೂ ಮೂಡಿತು. ಆ ಹೆಮ್ಮೆಯನ್ನು ನೆನೆದು ಅವಳು ಆಮೇಲೆ ಎಷ್ಟೋ ದಿನ ನಾಚಿಕೊಂಡಳು.

"ನಾನು ಮಾರ್ಚಲ್ಲೇ ಬರ್ದು ಕೊಟ್ಟಿದ್ದೆ ಕಣ್ರೀ, ಎಡಗಡೆ ಮಣ್ಣು ಸರಿ ಇಲ್ಲ, ತೆಗೀಬೇಕು ಅಂತ," ಎಂದಳು. "ಯಾರು ಕೇಳಿದ್ರು?"

ಬರೆದುಕೊಟ್ಟದ್ದು ನಿಜ. ನೇತ್ರಾವತಿ ದುದ್ದದ ಕಡೆಯ ರೈತರ ಮಗಳು, ಸಿವಿಲ್ ಡಿಪ್ಲೊಮಾ ಮಾಡಿದವಳು. ಹಾಸನದ ಸಾಲಗಾಮೆ ರಸ್ತೆಯ ಒಂದು ಖಾಸಗಿ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ರಸ್ತೆಗೆ, ಏರಿಗೆ, ಕಟ್ಟಡದ ಬುನಾದಿಗೆ ತುಂಬಿ ರೋಲರ್ ಹಾಯಿಸಿದ ಮಣ್ಣು ಎಷ್ಟು ಗಡಸಾಗಿದೆ ಎಂದು ಸ್ಥಳಕ್ಕೇ ಹೋಗಿ ಅಳೆದು ಬರುವುದು ಅವಳ ಕೆಲಸ. ಅದಕ್ಕೊಂದು ಯಂತ್ರವಿತ್ತು. ಇಂಗ್ಲಿಷಿನ ಉದ್ದ ಹೆಸರು ಯಾರ ಬಾಯಿಗೂ ಒಗ್ಗದೆ ಸೈಟಿನಲ್ಲೆಲ್ಲ ಅದು ತೂಕದ ಮಿಷನ್ ಎಂದೇ ಆಗಿತ್ತು. ಊಟದ ತಟ್ಟೆಯಗಲದ ಉಕ್ಕಿನ ಬಿಲ್ಲೆಯನ್ನು ನೆಲದ ಮೇಲೆ ಕೂರಿಸಿ, ಅದರ ಮೇಲೆ ನಿಲ್ಲಿಸಿದ ಸರಳಿನಗುಂಟ ಹತ್ತು ಕೆಜಿ ತೂಕವನ್ನು ಎತ್ತಿ ಬಿಡಬೇಕು. ಬಿದ್ದ ಪೆಟ್ಟಿಗೆ ನೆಲ ಎಷ್ಟು ಕುಗ್ಗಿತೆಂದು ಯಂತ್ರ ಅಳೆದು, ಮಣ್ಣಿನ ಗಡಸುತನವನ್ನು ಒಂದು ಅಂಕಿಯಲ್ಲಿ ತೋರಿಸುತ್ತದೆ. ಕಡಿಮೆ ಕುಗ್ಗಿದರೆ ಅಂಕಿ ಹೆಚ್ಚು. ನಾಲೆ ಏರಿಗೆ ಮೂವತ್ತೈದಾದರೂ ಬರಬೇಕೆಂದು ನಿಗದಿಯಾಗಿತ್ತು.

ಮಾರ್ಚ್ ಹದಿನೆಂಟರಂದು ಅವಳು ಆ ಏರಿಯ ಮೇಲೆ ಇಪ್ಪತ್ತನಾಲ್ಕು ಕಡೆ ತೂಕ ಬಿಟ್ಟಿದ್ದಳು. ನಾಲ್ಕು ದಿನದ ಹಿಂದೆ ಅಕಾಲದ ಮಳೆಯೊಂದು ಬಂದು ಹೋಗಿತ್ತು. ಬಲಭಾಗದಲ್ಲಿ ಮೂವತ್ತೆಂಟು, ನಲವತ್ತೊಂದು ಬಂತು. ಎಡಭಾಗಕ್ಕೆ ಬಂದರೆ ಹದಿನಾಲ್ಕು. ಮಿಷನ್ ಸರಿಯಾಗಿ ಕೂತಿಲ್ಲವೇನೋ ಎಂದು ಜಾಗ ಬದಲಿಸಿದಳು. ಹದಿನಾರು. ಇನ್ನೂ ಎರಡು ಮಾರು ಮುಂದೆ ಹೋದರೆ ಹದಿಮೂರು.

ಗುತ್ತಿಗೆದಾರರ ಕಡೆಯ ಸೈಟ್ ಇಂಜಿನಿಯರ್ ಕಿರಣ್‌ಕುಮಾರ್ ಅಲ್ಲೇ ನಿಂತಿದ್ದ. "ಮೇಡಂ, ನಿನ್ನೆ ತಾನೇ ಗುಂಡಿ ತೆಗ್ದು ಮರಳು ಸುರ್ದು ನೋಡಿದೀವಲ್ಲ. ಡೆನ್ಸಿಟಿ ತೊಂಬತ್ತೇಳು ಪರ್ಸೆಂಟ್ ಬಂದೈತೆ. ಇದ್ಯಾಕೆ ಇಂಗೆ ತೋರುಸ್ತಾ ಐತೆ?"

"ಅದು ಮಣ್ಣು ಎಷ್ಟು ಒತ್ತಾಗಿ ಕೂತೈತೆ ಅಂತ ಹೇಳುತ್ತೆ ಅಷ್ಟೇ ಕಿರಣ್. ಹೊರೆ ಬಿದ್ದಾಗ ತಡಿಯುತ್ತಾ ಇಲ್ವಾ ಅಂತ ಹೇಳೋದು ಇದು," ಎನ್ನುತ್ತಾ ನೇತ್ರಾವತಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಚುಕಿದಳು. ಕಪ್ಪು ಮಣ್ಣು ಅಂಗೈಗೆ ಅಂಟಿಕೊಂಡಿತು. ನಡುವೆ ಬಸವನಹುಳುವಿನ ಚಿಪ್ಪಿನ ಚೂರುಗಳಿದ್ದವು. "ಪಾಸಾಗಿದ್ದು ಗುಡ್ಡದ ಕೆಂಪು ಗರಸು ಮಣ್ಣಲ್ವಾ? ಇದು ಕೆರೆ ತಳದ ಗೋಡು, ನೆನೆದ್ರೆ ನಿಲ್ಲಲ್ಲ. ಎಲ್ಲಿಂದ ತಂದ್ರಿ?"

ಕಿರಣ್‌ಕುಮಾರ್ ರೋಲರ್ ಡ್ರೈವರನ್ನು ಕೂಗುತ್ತಾ ಅತ್ತ ನಡೆದುಬಿಟ್ಟ.

ಆ ಸಂಜೆಯೇ ಅವಳು ಅಂಕಿಗಳ ಹಾಳೆಯನ್ನು ಧರಣೇಂದ್ರಯ್ಯನವರ ಮೇಜಿನ ಮೇಲಿಟ್ಟಳು. ಪ್ರಯೋಗಾಲಯ ಅವರದು. ಅರುವತ್ತನಾಲ್ಕರ ವಯಸ್ಸು. ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು ಕೆಲಸ ಬಿಟ್ಟು ಇದನ್ನು ತೆರೆದಿದ್ದರು. ದಿನಾ ಚನ್ನರಾಯಪಟ್ಟಣದ ಮನೆಯಿಂದ ಬಂದು ಹೋಗುತ್ತಿದ್ದರು. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಸರಿ ಕಣಮ್ಮ. ನಾನು ಇಲಾಖೆಗೆ ಬರೀತೀನಿ. ನೀನಿನ್ನು ಇದನ್ನ ತಲೆಗೆ ಹಚ್ಚಿಕೋಬೇಡ."

ಅವಳು ಹಚ್ಚಿಕೊಳ್ಳಲಿಲ್ಲ. ಮೇ ತಿಂಗಳಲ್ಲಿ ನೆಂಟರ ಮನೆಗೆ ಹೋಗುವಾಗ ಬಸ್ಸು ಅದೇ ಏರಿಯ ಮೇಲೆ ಹಾದಿತ್ತು. ಹೊಸ ಡಾಂಬರು ಕಂಡು, ಕೆಟ್ಟ ಮಣ್ಣು ತೆಗೆಸಿ ಮತ್ತೆ ತುಂಬಿಸಿದ್ದಾರೆ ಎಂದುಕೊಂಡಳು. ಧರಣೇಂದ್ರಯ್ಯ ಬರೆಯುತ್ತೇನೆ ಎಂದರೆ ಬರೆದರೆಂದೇ ಲೆಕ್ಕ.

ಅಂಥ ನಂಬಿಕೆಗೆ ಕಾರಣವಿತ್ತು. ಅವಳು ಕೆಲಸ ಕೇಳಿಕೊಂಡು ಬಂದಾಗ ಬೇರೆ ಎಲ್ಲರೂ ಆಫೀಸಿನಲ್ಲಿ ಕೂತು ಟೈಪ್ ಮಾಡುತ್ತೀಯೇನಮ್ಮ ಎಂದಿದ್ದರು. ಸೈಟಿಗೆ ಹೋಗುತ್ತೀಯಾ ಎಂದು ಕೇಳಿದವರು ಇವರೊಬ್ಬರೇ. ಹೆಣ್ಣುಮಗಳನ್ನು ಯಾಕೆ ಕಳಿಸುತ್ತೀರಿ ಎಂದ ಗುತ್ತಿಗೆದಾರನಿಗೆ, "ತೂಕ ಎತ್ತೋಕೆ ಬರುತ್ತೆ, ಅಂಕಿ ಇದ್ದಂಗೇ ಬರಿಯೋಕೂ ಬರುತ್ತೆ. ನಿಮ್ಮ ಗಂಡಸರಲ್ಲಿ ಎರಡೂ ಬರೋರು ಎಷ್ಟು ಜನ ಇದ್ದಾರೆ?" ಎಂದು ಅವಳೆದುರೇ ಹೇಳಿದ್ದರು. ಮೊದಲ ಬೇಸಿಗೆಯಲ್ಲಿ ಪ್ರಯೋಗಾಲಯದ ಹಿತ್ತಲಲ್ಲಿ ಜೇಡಿ ಮಣ್ಣು ತುಂಬಿಸಿ, ನೀರು ಬಿಟ್ಟು, ದಮ್ಮಸು ಮಾಡಿಸಿ, ಮೂರು ದಿನಕ್ಕೊಮ್ಮೆ ಅದರ ಮೇಲೆ ತೂಕ ಬಿಡಿಸಿದ್ದರು. ಮಣ್ಣು ಒಣಗುತ್ತಾ ಹೋದಂತೆ ಅಂಕಿ ಇಪ್ಪತ್ತರಿಂದ ಅರುವತ್ತಕ್ಕೆ ಏರಿತ್ತು. ಒಂದು ರಾತ್ರಿ ಮಳೆ ಬಿದ್ದ ಮೇಲೆ ಮತ್ತೆ ಹದಿನೆಂಟಕ್ಕೆ ಇಳಿದಿತ್ತು. "ಬೇಸಿಗೇಲಿ ಅಳೆದ ಜೇಡಿಗೆ ಮಳೆಗಾಲದ ವಿಷಯ ಏನೂ ಗೊತ್ತಿರಲ್ಲ ಕಣಮ್ಮ. ಅಂಕಿ ಜೊತೆ ಅವತ್ತಿನ ತೇವ ಎಷ್ಟಿತ್ತು ಅಂತ ಬರೀದೆ ಹೋದ್ರೆ ಆ ಹಾಳೆ ರದ್ದಿಗೆ ಸಮ," ಎಂದಿದ್ದರು.

ಅವರ ಹೆಂಡತಿ ರಾಜೀಮತಿಯಂತೂ ನೇತ್ರಾವತಿಯ ಬಾಣಂತನದಲ್ಲಿ ಆಸ್ಪತ್ರೆಗೆ ಬಂದು ಎರಡು ದಿನ ಕೂತಿದ್ದರು. ಕೆಲಸದ ಮೇಲೆ ಅವರ ಮನೆಗೆ ಹೋದಾಗಲೆಲ್ಲ, "ನಾವು ಹೊತ್ತು ಮುಳುಗೋದ್ರೊಳಗೆ ಊಟ ಮುಗಿಸೋರು, ನೀನೂ ಉಂಡ್ಕೊಂಡೇ ಬಸ್ ಹತ್ತು," ಎಂದು ಐದೂವರೆಗೇ ಎಲೆ ಹಾಕಿ ಕೂರಿಸುತ್ತಿದ್ದರು.

ಏರಿ ಕುಸಿದ ಹತ್ತನೇ ದಿನಕ್ಕೆ ಇಲಾಖೆಯಿಂದ ನೇತ್ರಾವತಿಯ ಹೆಸರಿಗೇ ನೋಟಿಸು ಬಂತು. ಹೊಳೆನರಸೀಪುರದ ಪ್ರವಾಸಿ ಮಂದಿರದಲ್ಲಿ ವಿಚಾರಣೆ, ಹಾಜರಾಗಬೇಕು. ಜೊತೆಗೆ ಏರಿಯ ಪರೀಕ್ಷಾ ವರದಿಯ ನಕಲಿತ್ತು. ತಾನು ಬರೆದ ಹದಿನಾಲ್ಕು, ಹದಿನಾರು, ಹದಿಮೂರನ್ನು ನೋಡಲೆಂದು ಅವಳು ಹಾಳೆ ಬಿಡಿಸಿದಳು. ಅಲ್ಲಿದ್ದುದು ನಲವತ್ತೇಳು, ಐವತ್ತೊಂದು, ನಲವತ್ತನಾಲ್ಕು. ಇಪ್ಪತ್ತನಾಲ್ಕು ಕಡೆಯೂ ಪಾಸು. ತೇವದ ಕಾಲಂ ಖಾಲಿ. ದಿನಾಂಕ ಏಪ್ರಿಲ್ ಒಂಬತ್ತು, ಸಮಯ ಬೆಳಿಗ್ಗೆ ಹನ್ನೊಂದೂ ನಲವತ್ತರಿಂದ ಮಧ್ಯಾಹ್ನ ಒಂದೂ ಇಪ್ಪತ್ತು. ಕೆಳಗೆ ಪರೀಕ್ಷಿಸಿದವರು ಎಂದಿದ್ದಲ್ಲಿ ಅವಳ ಹೆಸರು, ಅದರ ಮೇಲೆ ಅವಳದೇ ಸಹಿ.

ಸಹಿ ನಕಲಿಯಾಗಿರಲಿಲ್ಲ. ಅದು ಎಲ್ಲಿಂದ ಬಂತೆಂದು ಅವಳಿಗೆ ಕೂಡಲೇ ಹೊಳೆಯಿತು. ಸೈಟಿನಿಂದ ಸೈಟಿಗೆ ಓಡಾಡುವ ತಿಂಗಳುಗಳಲ್ಲಿ ವರದಿ ತಡವಾಗದಿರಲೆಂದು ಹತ್ತಿಪ್ಪತ್ತು ಖಾಲಿ ನಮೂನೆಗಳಿಗೆ ಮೊದಲೇ ಸಹಿ ಮಾಡಿ ಧರಣೇಂದ್ರಯ್ಯನವರ ಬಳಿ ಬಿಟ್ಟಿರುತ್ತಿದ್ದಳು.

"ಖಾಲಿ ಆಳೆಗೆ ಯಾರಾದ್ರೂ ಸೈನ್ ಆಕಿ ಕೊಡ್ತಾರೇನೇ?" ಎಂದು ಮಂಜೇಶ್ ತಲೆ ಚಚ್ಚಿಕೊಂಡ.

"ಕೊಟ್ಟಿದ್ದು ಸಾ ಕೈಗೆ ಅಲ್ವಾ," ಎಂದಳು. ಧರಣೇಂದ್ರಯ್ಯನವರನ್ನು ಅವಳು ಮೊದಲ ದಿನದಿಂದಲೂ ಸಾ ಎಂದೇ ಕರೆಯುತ್ತಿದ್ದಳು.

ಧರಣೇಂದ್ರಯ್ಯನವರಿಗೆ ಫೋನು ಮಾಡಿದಳು. ಅವರ ದನಿ ಎಂದಿನಂತೆಯೇ ನಿಧಾನವಾಗಿತ್ತು. "ನೋಟಿಸು ನನಗೂ ಬಂದಿದೆ. ಗಾಬರಿ ಆಗ್ಬೇಡ. ವಿಚಾರಣೆ ದಿನ ನಾನೂ ಇರ್ತೀನಲ್ಲ, ಎಲ್ಲಾ ನಾನು ನೋಡ್ಕೋತೀನಿ. ನೀನಾಗಿ ಏನೂ ಮಾತಾಡೋಕೆ ಹೋಗ್ಬೇಡ."

ಏನೋ ಎಡವಟ್ಟಾಗಿದೆ, ಹಾಳೆ ಅದಲುಬದಲಾಗಿದೆ, ಸಾ ಬಂದು ಬಿಡಿಸಿ ಹೇಳುತ್ತಾರೆ ಎಂದು ಅವಳು ಒಂದು ವಾರ ನಂಬಿಕೊಂಡಿದ್ದಳು.

ವಿಚಾರಣೆಗೆ ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಮೊದಲು ಕಿರಣ್‌ಕುಮಾರನನ್ನು ಕೇಳಿದರು. ಅವನು ನೆಲ ನೋಡುತ್ತಾ, ಏಪ್ರಿಲ್ ಒಂಬತ್ತಕ್ಕೆ ಲ್ಯಾಬಿನವರು ಬಂದಿದ್ದರು, ಅಳೆದುಕೊಂಡು ಹೋದರು ಎಂದ. ಲ್ಯಾಬಿನವರೆಂದರೆ ಯಾರು ಎಂದದ್ದಕ್ಕೆ, "ನಾನು ಆ ಕಡೆ ಕಾಂಕ್ರೀಟ್ ಅತ್ರ ಇದ್ದೆ ಮೇಡಂ, ಸರ್ಯಾಗಿ ನೋಡ್ಲಿಲ್ಲ," ಎಂದು ಜಾರಿಕೊಂಡ.

ಆಮೇಲೆ ಧರಣೇಂದ್ರಯ್ಯ ಎದ್ದು ನಿಂತರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

"ಈ ಅಂಕಿಗಳನ್ನ ತೆಗೆದವರು ಯಾರು?" ಎಂದು ಅಧಿಕಾರಿ ಕೇಳಿದರು.

"ನಮ್ಮ ನೇತ್ರಾವತಿ. ಹದಿನಾಲ್ಕು ವರ್ಷದ ಅನುಭವ ಇದೆ. ಅವರು ತಂದುಕೊಟ್ಟ ಹಾಳೆ ನೋಡಿ ನಾನು ಮೇಲುಸಹಿ ಮಾಡಿದೆ."

"ಅದಕ್ಕೂ ಮೊದಲು ಬೇರೆ ಪರೀಕ್ಷೆ ಏನಾದರೂ ಆಗಿತ್ತಾ?"

"ನನ್ನ ಗಮನಕ್ಕೆ ಬಂದಿಲ್ಲ."

ನೇತ್ರಾವತಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಒಂದು ಸಲವೂ ಅವಳ ಕಡೆ ತಿರುಗಲಿಲ್ಲ. ನಮ್ಮ ನೇತ್ರಾವತಿ ಎಂದದ್ದು ಕಿವಿಯಲ್ಲಿ ಹಾಗೇ ಉಳಿದುಕೊಂಡಿತ್ತು. ಹೊಗಳುವಾಗ ಅವರು ಯಾವಾಗಲೂ ಬಳಸುತ್ತಿದ್ದ ಮಾತು ಅದು. ಅಧಿಕಾರಿ ಅವಳ ಹೆಸರು ಕೂಗಿದಾಗ ಎದ್ದು ನಿಂತಳು. "ಆ ಸಹಿ ನಂದೇ ಮೇಡಂ. ಆ ಅಂಕಿ ನಂದಲ್ಲ," ಎಂದಷ್ಟೇ ಹೇಳಿದಳು. ಅದಕ್ಕೆ ಆಧಾರವೇನಿದೆ ಎಂದರೆ ಅವಳ ಬಳಿ ಆ ಕ್ಷಣಕ್ಕೆ ಏನೂ ಇರಲಿಲ್ಲ. ಮಾರ್ಚ್ ತಿಂಗಳ ಹಾಳೆಯ ಒಂದೇ ಒಂದು ಪ್ರತಿಯನ್ನು ಅವರ ಕೈಗೇ ಕೊಟ್ಟಿದ್ದಳು.

ಐದು ದಿನದ ಗಡುವು ಸಿಕ್ಕಿತು.

ಹಾಸನಕ್ಕೆ ವಾಪಸಾದವಳು ಮನೆಗೆ ಹೋಗದೆ ಆಸ್ಪತ್ರೆಗೆ ಹೋದಳು. ಯಾಕೆ ಹೋದಳೆಂದು ಅವಳಿಗೇ ತಿಳಿಯದು. ಚನ್ನಪ್ಪನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಮೂವತ್ತು ದಾಟದ ಗಂಡಸು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಮಲ್ಲಿಗಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನೇತ್ರಾವತಿ ತಂದ ಹಣ್ಣು ತೆಗೆದುಕೊಂಡು, ಯಾರು ಏನು ಎಂದೂ ಕೇಳದೆ ತಾನೇ ಮಾತಿಗೆ ತೊಡಗಿದಳು.

"ಅದ್ಯಾರೋ ಮಿಷನ್ ಇಟ್ಕೊಂಡು ಬತ್ತಾಳಲ್ಲ ಒಬ್ಳು, ಅವ್ಳೇ ಎಲ್ಲಾ ಸರ್ಯಾಗೈತೆ ಅಂತ ಬರ್ಕೊಟ್ಟವ್ಳಂತೆ ಕನಕ್ಕ. ಊರಲ್ಲೆಲ್ಲಾ ಅದೇ ಮಾತು. ಎಷ್ಟು ತಿಂದ್ಲೋ ಏನೋ. ಅವ್ಳ ಕೈ ಸೇದೋಗ."

ನೇತ್ರಾವತಿ ಎದ್ದು ಬಂದಳು. ಬಸ್ ನಿಲ್ದಾಣದವರೆಗೂ ನಡೆದೇ ಹೋದಳು. ದಾರಿಯುದ್ದಕ್ಕೂ ಏಪ್ರಿಲ್ ಒಂಬತ್ತು, ಏಪ್ರಿಲ್ ಒಂಬತ್ತು ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು. ಅವತ್ತು ತಾನೆಲ್ಲಿದ್ದೆ?

ನೆನಪಾದದ್ದು ಮಾರನೆಯ ದಿನದ ರಜೆಯಿಂದ. ಏಪ್ರಿಲ್ ಹತ್ತು ಮಹಾವೀರ ಜಯಂತಿ. ಹಿಂದಿನ ದಿನ ಬೆಳಿಗ್ಗೆ ಧರಣೇಂದ್ರಯ್ಯ ತಮ್ಮ ಸ್ವಂತ ಕಾರನ್ನೂ ಡ್ರೈವರನ್ನೂ ಅವಳಿಗೆ ಒಪ್ಪಿಸಿ, "ಅರಕಲಗೂಡಿನ ನೀರಿನ ಟ್ಯಾಂಕಿನ ಬುನಾದಿ ಪರೀಕ್ಷೆ ಇದೆ. ಇವತ್ತು ಪೂರ್ತಿ ನಿನ್ನದೇ ಯಜಮಾನಿಕೆ. ನಾನು ಬರೋದೇ ಬೇಡ," ಎಂದಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವಾಗ ಅವಳಿಗೆ ಎಂಥ ಸಂಭ್ರಮವಾಗಿತ್ತೆಂದರೆ ಮಂಜೇಶನಿಗೆ ಫೋನು ಮಾಡಿ ಹೇಳಿಕೊಂಡಿದ್ದಳು. ಅದು ಇಡೀ ದಿನದ ಕೆಲಸ. ಬುನಾದಿಯ ಗುಂಡಿಯಲ್ಲಿ ಉಕ್ಕಿನ ಹಲಗೆ ಇಟ್ಟು, ಹಂತಹಂತವಾಗಿ ಹೊರೆ ಏರಿಸುತ್ತಾ, ಪ್ರತಿ ಹೊರೆಗೂ ನೆಲ ಎಷ್ಟು ಕುಗ್ಗಿತೆಂದು ಗಡಿಯಾರ ನೋಡಿ ಬರೆಯಬೇಕು. ಅಲ್ಲಿಂದ ಕದಲುವ ಹಾಗೇ ಇಲ್ಲ.

ಅಂದರೆ ಅವಳನ್ನು ಅರಕಲಗೂಡಿಗೆ ಕಳಿಸಿ, ಪ್ರಯೋಗಾಲಯದಲ್ಲೇ ಉಳಿದಿದ್ದ ತೂಕದ ಮಿಷನ್ ಎತ್ತಿಕೊಂಡು ಅವರು ಬೇರೆ ಗಾಡಿಯಲ್ಲಿ ನಾಲೆ ಏರಿಗೆ ಹೋಗಿದ್ದರು.

ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಪ್ರಯೋಗಾಲಯಕ್ಕೆ ಹೋಗಿ ಕಪಾಟು ಹುಡುಕಿದಳು. ಏಪ್ರಿಲ್ ತಿಂಗಳ ಫೈಲಿನಲ್ಲಿ ಅರಕಲಗೂಡಿನ ವರದಿ ಇರಬೇಕಾದ ಜಾಗದಲ್ಲಿ ದಾರ ಮಾತ್ರ ಸಡಿಲವಾಗಿ ನೇತಾಡುತ್ತಿತ್ತು. ಆತುರದಲ್ಲಿ, ಹೆದರಿಕೆಯಲ್ಲಿ ಯಾರೋ ಏನೋ ಮಾಡಿಬಿಡುವುದು ಬೇರೆ. ಇವರು ಕೂತು ಯೋಚಿಸಿ, ಅವಳು ಯಾವ ಬಾಗಿಲು ತಟ್ಟಬಹುದೆಂದು ಎಣಿಸಿ, ಅದನ್ನೂ ಮುಚ್ಚಿದ್ದರು.

ಆದರೆ ಮೂಲ ಪ್ರತಿ ಟ್ಯಾಂಕ್ ಕಟ್ಟಿಸಿದವರ ಬಳಿ ಇರಲೇಬೇಕು. ಬಸ್ಸು ಹತ್ತಿ ಅರಕಲಗೂಡಿಗೆ ಹೋದಳು. ಅಲ್ಲಿನ ಕಿರಿಯ ಇಂಜಿನಿಯರ್ ಮನೋಹರ ಅವಳನ್ನು ಗುರುತು ಹಿಡಿದು, "ಅವತ್ತು ಬಿಸ್ಲಲ್ಲಿ ಕೊಡೆ ಹಿಡ್ಕಂಡು ಕೂತಿದ್ರಲ್ಲ ಮೇಡಂ," ಎಂದು ನಗುತ್ತಾ ಫೈಲು ತೆಗೆದುಕೊಟ್ಟ. ಮೊದಲ ಹೊರೆ ಬೆಳಿಗ್ಗೆ ಹತ್ತೂ ಕಾಲಿಗೆ, ಕೊನೆಯದು ಸಂಜೆ ಐದಕ್ಕೆ. ಪರೀಕ್ಷಿಸಿದವರು ನೇತ್ರಾವತಿ. ದಿನಾಂಕ ಏಪ್ರಿಲ್ ಒಂಬತ್ತು. ಮೇಲುಸಹಿ ಧರಣೇಂದ್ರಯ್ಯ. ಒಂದೇ ದಿನ, ಒಂದೇ ಹೊತ್ತು, ಎರಡು ಊರುಗಳಲ್ಲಿ ಅವಳು ಇದ್ದಳೆಂದು ಅವರೇ ತಮ್ಮ ಕೈಯಾರೆ ಬರೆದಿದ್ದರು.

ನಕಲು ಕೈಗೆ ಬಂದ ಮೇಲೂ ಅವಳು ನೇರ ಅಧಿಕಾರಿಯ ಬಳಿ ಹೋಗಲಿಲ್ಲ. ಚನ್ನರಾಯಪಟ್ಟಣಕ್ಕೆ ಹೋದಳು. ಮಂಜೇಶ್ ಬೇಡವೆಂದ. "ಓಗಿ ಅವ್ರ ಮುಂದೆ ಅತ್ಕೊಂಡು ಬತ್ತೀಯಾ ಅಷ್ಟೇಯ."

ಬಾಗಿಲು ತೆಗೆದವರು ರಾಜೀಮತಿ. "ಬಾಮ್ಮ, ಊಟದ ಹೊತ್ತಿಗೆ ಸರಿಯಾಗಿ ಬಂದೆ," ಎಂದರು. ಅವರಿಗೆ ಏನೂ ಗೊತ್ತಿಲ್ಲವೆಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ಧರಣೇಂದ್ರಯ್ಯ ಜಗುಲಿಗೆ ಬಂದು ಕುರ್ಚಿ ಎಳೆದುಕೊಂಡರು. ನೇತ್ರಾವತಿ ಕೂರಲಿಲ್ಲ. ಅರಕಲಗೂಡಿನ ನಕಲನ್ನು ಅವರ ಕೈಗಿಟ್ಟಳು.

ಅವರು ಓದಿ, ಮಡಚಿ, ವಾಪಸು ಕೊಟ್ಟರು.

"ನಾನು ಸುಳ್ಳು ಅಂಕಿ ಬರೆದಿಲ್ಲ ಕಣಮ್ಮ," ಎಂದರು ಕೊನೆಗೆ. "ಇಪ್ಪತ್ತನಾಲ್ಕು ಕಡೆಯೂ ನಾನೇ ತೂಕ ಬಿಟ್ಟೆ. ಮಿಷನ್ ತೋರಿಸಿದ್ದನ್ನೇ ಬರೆದೆ."

"ಮೂರು ವಾರ ಬಿಸ್ಲು ಕಾದ ಮೇಲೆ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಒಣಗಿದ್ರೆ ಏರುತ್ತೆ, ನೆನೆದ್ರೆ ಇಳಿಯುತ್ತೆ ಅಂತ ನಂಗೆ ಕಲ್ಸಿದೋರು ಯಾರು ಸಾ? ಹಿತ್ಲಲ್ಲಿ ಒಂದು ಬ್ಯಾಸ್ಗೆ ಪೂರ್ತಿ ತೂಕ ಎತ್ತುಸಿದ್ರಲ್ಲ. ತೇವದ ಕಾಲಂ ಖಾಲಿ ಬಿಟ್ಟಿದೀರಿ. ಮರ್ತು ಬಿಟ್ಟಿದ್ದಲ್ಲ ಅದು."

"ನಿಧಾನ ಮಾತಾಡು, ಒಳಗೆ ಅವಳಿದ್ದಾಳೆ."

"ಯಾಕೆ ಮಾಡಿದ್ರಿ?"

ಅವರು ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳಿದರು. ಗುತ್ತಿಗೆದಾರ ಮೊದಲು ತಂದು ತೋರಿಸಿದ್ದು ಕೆಂಪು ಗರಸು ಮಣ್ಣು. ಮಣ್ಣು ತೆಗೆಯುವ ಜಾಗಕ್ಕೆ ಹೋಗಿ ನೋಡದೆ, ಚೀಲದಲ್ಲಿ ಬಂದದ್ದನ್ನೇ ಪರೀಕ್ಷೆ ಮಾಡಿ, ಜಾಗವನ್ನು ಖುದ್ದು ನೋಡಿದ್ದೇನೆ ಎಂದು ಷರಾ ಬರೆದುಬಿಟ್ಟಿದ್ದರು. ಆಗ ಮಂಡಿನೋವು, ಗುಡ್ಡ ಹತ್ತಲಾಗಿರಲಿಲ್ಲ. ಅವಳ ಮಾರ್ಚ್ ತಿಂಗಳ ಅಂಕಿ ಇಲಾಖೆಗೆ ಹೋದರೆ ಮೊದಲು ಎದ್ದು ಬರುವುದು ಅದೇ ಷರಾ. "ಮೂವತ್ತು ವರ್ಷ ಯಾರೂ ನನ್ನ ಒಂದು ಹಾಳೆ ವಾಪಸು ಕಳಿಸಿರಲಿಲ್ಲ," ಎಂದರು. "ಮಳೆಗಾಲದೊಳಗೆ ಡಾಂಬರು ಬೀಳುತ್ತೆ, ನೀರು ಒಳಗೆ ಇಳಿಯಲ್ಲ, ಏನೂ ಆಗಲ್ಲ ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ."

"ಆಗ್ಲಿ. ನನ್ನ ಹೆಸ್ರು ಯಾಕೆ ಹಾಕಿದ್ರಿ? ನಿಮ್ಮದೇ ಹಾಕ್ಕೋಬೋದಿತ್ತಲ್ಲ?"

ಒಳಗೆ ರಾಜೀಮತಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ನಿನ್ನ ಹೆಸರಿದ್ರೆ ಇಲಾಖೆಯೋರು ಎರಡನೇ ಸಲ ನೋಡಲ್ಲ," ಎಂದರು. "ನೇತ್ರಾವತಿ ಅಂಕಿ ಅಂದ್ರೆ ಅವರಿಗೆ ಅಷ್ಟು ನಂಬಿಕೆ."

ನೇತ್ರಾವತಿಗೆ ಅಳು ಬರುತ್ತದೆಂದು ಮಂಜೇಶ್ ಹೇಳಿದ್ದ. ಬರಲಿಲ್ಲ. ಹದಿನಾಲ್ಕು ವರ್ಷ ಬಿಸಿಲಲ್ಲಿ ತೂಕ ಎತ್ತಿ ಎತ್ತಿ ಒಂದೊಂದೇ ಅಂಕಿಯಾಗಿ ಸಂಪಾದಿಸಿದ್ದ ಹೆಸರು. ಅದನ್ನೇ ಇವರು ಕೆರೆ ಗೋಡಿನ ಮೇಲೆ ಹೊದಿಸಿ ಮುಚ್ಚಿದ್ದರು. ಅದರ ಬೆಲೆ ಇವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಳಸಿದ್ದರು.

"ನಾಡಿದ್ದು ಇದನ್ನ ಕೊಡ್ತೀನಿ ಸಾ. ಖಾಲಿ ಹಾಳೆಗೆ ಸಹಿ ಹಾಕಿದ್ದೂ ಹೇಳ್ತೀನಿ. ನಿಮಗೆ ಹೇಳ್ದೆ ಮಾಡ್ಬಾರ್ದು ಅಂತ ಬಂದೆ."

"ಖಾಲಿ ಹಾಳೆ ವಿಷಯ ಹೇಳಿದ್ರೆ ನಿನಗೂ ತೊಂದರೆ. ಯೋಚನೆ ಮಾಡು."

"ನೀವು ಯೋಚ್ನೆ ಮಾಡಿದ್ರಾ?"

ಅವಳು ಮೆಟ್ಟಿಲಿಳಿದಾಗ ಹಿಂದಿನಿಂದ ರಾಜೀಮತಿ, "ಎಲೆ ಹಾಕಿದೀನಿ, ಎಲ್ಲಿಗೆ ಹೊರಟೆ?" ಎಂದು ಕೂಗಿದರು. ನೇತ್ರಾವತಿ ತಿರುಗಿ ನೋಡಲಿಲ್ಲ. ಏನೂ ತಪ್ಪು ಮಾಡದ ಆ ಹೆಂಗಸಿಗೆ ಉತ್ತರ ಕೊಡದೆ ಬಂದದ್ದು ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು.

ಎರಡನೆಯ ವಿಚಾರಣೆ ಒಂದು ಗಂಟೆಯೊಳಗೆ ಮುಗಿಯಿತು. ಅರಕಲಗೂಡಿನ ವರದಿಯನ್ನೂ ಏರಿಯ ವರದಿಯನ್ನೂ ಅಧಿಕಾರಿ ಅಕ್ಕಪಕ್ಕ ಇಟ್ಟುಕೊಂಡು ಎರಡರ ಸಮಯದ ಮೇಲೂ ಪೆನ್ಸಿಲಿನಲ್ಲಿ ಗೆರೆ ಹಾಕಿದರು. ಧರಣೇಂದ್ರಯ್ಯ ಈ ಸಲ ತಾವಾಗಿಯೇ ಒಪ್ಪಿಕೊಂಡರು. ಅವರು ಒಪ್ಪಿಕೊಂಡದ್ದನ್ನು ಕೇಳಿ ಕಿರಣ್‌ಕುಮಾರನೂ ಮಾರ್ಚ್ ಹದಿನೆಂಟರ ಪರೀಕ್ಷೆ ನಡೆದದ್ದು ಹೌದೆಂದ. ಏರಿಯನ್ನು ಕೊರೆದು ನೋಡಿದವರಿಗೆ ಒಳಗೆ ಸಿಕ್ಕಿದ್ದು ಕೆರೆ ಗೋಡೇ. ಗುತ್ತಿಗೆದಾರನ ಮೇಲೆ ಮೊಕದ್ದಮೆಯಾಯಿತು. ಪ್ರಯೋಗಾಲಯವನ್ನು ಇಲಾಖೆಯ ಪಟ್ಟಿಯಿಂದ ತೆಗೆದರು, ಎರಡು ತಿಂಗಳಲ್ಲಿ ಅದು ಮುಚ್ಚಿತು. ಅಲ್ಲಿದ್ದ ಇನ್ನೂ ಆರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಇಬ್ಬರು ನೇತ್ರಾವತಿಯ ಜೊತೆ ಮಾತು ಬಿಟ್ಟರು. ಖಾಲಿ ನಮೂನೆಗಳಿಗೆ ಸಹಿ ಹಾಕಿದ್ದಕ್ಕೆ ಅವಳು ಒಂದು ವರ್ಷ ಯಾವ ಸರ್ಕಾರಿ ಕಾಮಗಾರಿಯನ್ನೂ ಪರೀಕ್ಷಿಸುವಂತಿಲ್ಲ ಎಂದಾಯಿತು. ಅದು ಸರಿಯಾದ ಶಿಕ್ಷೆಯೆಂದೇ ಅವಳಿಗೂ ಅನ್ನಿಸಿತು.

ಆದೇಶ ಬಂದ ವಾರ ಅವಳು ಚನ್ನಪ್ಪನ ಊರಿಗೆ ಹೋದಳು. ಮಲ್ಲಿಗಮ್ಮನ ಮುಂದೆ ನಿಂತು, ಮಿಷನ್ ಇಟ್ಟುಕೊಂಡು ಬರುತ್ತಿದ್ದವಳು ತಾನೇ ಎಂದು ಹೇಳಿ, ನಡೆದದ್ದನ್ನೆಲ್ಲ ತಿಳಿಸಿದಳು. ಮಲ್ಲಿಗಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಅಂಗಾರೆ ನೀವು ಬರ್ದಿದ್ದು ಸರ್ಯಾಗೇ ಇತ್ತಾ?"

"ಹೂಂ."

"ಮಾರ್ಚಲ್ಲೇ ಗೊತ್ತಿತ್ತಾ ನಿಮ್ಗೆ, ಇದು ನಿಲ್ಲಾಕಿಲ್ಲ ಅಂತ?"

"ಗೊತ್ತಿತ್ತು."

"ಆಳೆ ಕೊಟ್ಬುಟ್ಟು ಸುಮ್ಕಾದ್ರಾ ಅಕ್ಕ? ಇಲ್ಲಿ ಯಾರ್ಗಾರ ಒಂದ್ ಮಾತು ಅಂದಿದ್ರೆ ಈವಯ್ಯ ಆ ಕಡೆ ಆಟೋ ಒಡೀತಿರ್ಲಿಲ್ವಲ್ಲ."

ನೇತ್ರಾವತಿಗೆ ಮೇ ತಿಂಗಳಲ್ಲಿ ಬಸ್ಸಿನ ಕಿಟಕಿಯಿಂದ ಹೊಸ ಡಾಂಬರನ್ನು ನೋಡಿ ಸಮಾಧಾನಪಟ್ಟುಕೊಂಡದ್ದು ನೆನಪಾಯಿತು. ಬಸ್ಸಿಳಿದು ಒಂದು ಹಿಡಿ ಮಣ್ಣು ತೆಗೆದು ನೋಡಬಹುದಿತ್ತು. ನೋಡಿರಲಿಲ್ಲ.

ಆ ವರ್ಷ ಅವಳು ಹಾಸನದ ಹೊರಗಿನ ಒಂದು ಸಿಮೆಂಟ್ ಇಟ್ಟಿಗೆ ಕಾರ್ಖಾನೆಯಲ್ಲಿ ಇಟ್ಟಿಗೆಯ ಬಲ ಪರೀಕ್ಷಿಸುವ ಕೆಲಸ ಹಿಡಿದಳು. ಸಂಬಳ ಕಡಿಮೆ. ಅಲ್ಲಿನ ಮೇಲ್ವಿಚಾರಕ ಒಳ್ಳೆಯವನೇ. ಆದರೂ ಪ್ರತಿ ಹಾಳೆಗೂ ಅವಳು ಎರಡು ಪ್ರತಿ ಮಾಡಿ ಒಂದನ್ನು ಮನೆಗೆ ಒಯ್ಯುತ್ತಿದ್ದಳು. ಅವನು ಮಾತಿನ ನಡುವೆ ಹೊಗಳಿದರೆ, ಇವನು ಯಾತಕ್ಕೆ ಹೀಗಂದ ಎಂದು ಮನೆಗೆ ಬಂದು ಮಂಜೇಶನನ್ನು ಕೇಳುತ್ತಿದ್ದಳು. "ಒಗಳಿದ್ದಕ್ಕೂ ಅನ್ಮಾನ ಪಡ್ತೀಯಲ್ಲೇ," ಎಂದು ಅವನು ನಗಿಸಲು ನೋಡುತ್ತಿದ್ದ.

ಮುಂದಿನ ಫೆಬ್ರವರಿಯಲ್ಲಿ ಹಿರೀಸಾವೆಯ ಒಂದು ಮದುವೆ ಮುಗಿಸಿಕೊಂಡು ಬರುವಾಗ ಅವಳು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಬೇಕಾಯಿತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಧರಣೇಂದ್ರಯ್ಯ ಕೂತಿದ್ದರು. ಸೊರಗಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿರಲಿಲ್ಲ. ಅವಳನ್ನು ಕಂಡವರೇ ಪಕ್ಕದಲ್ಲಿದ್ದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದರು.

ಅವಳು ಕೂರಲಿಲ್ಲ. ಅವರೆದುರು ಸಿಕ್ಕಿದರೆ ಆಡಬೇಕೆಂದು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದ ಮಾತುಗಳಿದ್ದವು. ಅವುಗಳಲ್ಲಿ ಒಂದೂ ಈಗ ಬಾಯಿಗೆ ಬರಲಿಲ್ಲ. ಹಾಸನದ ಬಸ್ಸು ಒಳಗೆ ತಿರುಗುತ್ತಿತ್ತು. ಜನ ಬಾಗಿಲಿಗೆ ಮುಗಿಬಿದ್ದರು.

"ಚೆನ್ನಾಗಿದೀಯಾ?" ಎಂದು ಅವರು ಕೇಳಿದರು.

"ಚೆನ್ನಾಗಿದೀನಿ ಸಾ," ಎಂದು ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಬಸ್ಸು ಹತ್ತಿ ಕಂಬಿ ಹಿಡಿದು ನಿಂತ ಮೇಲೆ ಆ 'ಸಾ' ಎಂಬುದು ಅವಳ ಕಿವಿಗೆ ಬಿತ್ತು. ಅವರ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ನಾಲಿಗೆಯ ಮೇಲೆ ಬಂತು. ಕಂಡಕ್ಟರ್ ಎರಡು ಸಲ ಎಲ್ಲಿಗೆ ಎಂದು ಕೇಳಿದ. ಮೂರನೆಯ ಸಲಕ್ಕೆ ಅವಳು ಹಾಸನ ಎಂದಳು.